ಮಗಳು ಬೆಳೆಯಬೇಕಾದುದು ಸಾಗರದಲ್ಲೋ ಬೆಂಗಳೂರಿನಲ್ಲೋ?

ಪ್ರಶ್ನೆ
ನಾನು ಸಾಗರದವನು; ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಮನೆಯಿಂದಲೇ ಕೆಲಸ ಮಾಡಲು ಕಚೇರಿಯವರು ಒಪ್ಪಿರುವುದರಿಂದ, ಊರಿಗೆ ಮರಳಿ ಎಂಟು ವರ್ಷದ ಮಗಳನ್ನು ಅಲ್ಲಿಯ ಶಾಲೆಗೆ ಸೇರಿಸುವ ಯೋಚನೆಯಿದೆ. ಇಲ್ಲಿ ಅವಳು ದಿನಕ್ಕೆ ಎರಡು ಗಂಟೆ ಶಾಲೆಯ ವ್ಯಾನಿನಲ್ಲಿ ಕಳೆಯುತ್ತಾಳೆ. ಕೆಳಗಿನ ಮನೆಯ ಮಗುವಿನೊಡನೆ ಆಡಬೇಕಾದರೂ ದೊಡ್ಡವರು ಮೊದಲು ಫೋನಿನಲ್ಲಿ ಮಾತಾಡಿಕೊಳ್ಳಬೇಕು. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಹೆಂಡತಿಗೆ ಇದು ಒಪ್ಪಿಗೆಯಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮಲೆನಾಡಿಗ
ಪಿಯುಸಿವರೆಗೆ ನಾನು ಸಾಗರದಲ್ಲಿಯೇ ಓದಿದವನು. ಸಣ್ಣ ಊರಿನಲ್ಲಿ ಏನಿದೆ ಎನ್ನುವವರಿಗೆ ನನ್ನ ಉತ್ತರ ಸಾಗರದ ಹತ್ತಿರದ ಹಳ್ಳಿ ಹೆಗ್ಗೋಡು: 1949ರಲ್ಲಿ ಆರಂಭವಾದ ನೀನಾಸಮ್ ರಂಗಸಂಸ್ಥೆ ಅಲ್ಲಿರುವುದರಿಂದ, ಹೊರದೇಶದ ನಾಟಕಗಳನ್ನೂ ಕನ್ನಡದಲ್ಲಿಯೇ, ಬೆರಳಿನಲ್ಲಿ ಅಡಿಕೆಯ ಕರೆ ಇನ್ನೂ ಉಳಿದಿದ್ದ ಕೃಷಿಕರ ಪಕ್ಕದಲ್ಲಿ ಕುಳಿತು ನೋಡಿ ಬೆಳೆದೆ. ಒಮ್ಮೆ ತರಗತಿ ತಪ್ಪಿಸಿ ಸಿನಿಮಾಕ್ಕೆ ಹೋಗಿದ್ದಾಗ, ನಾನು ಮನೆ ಮುಟ್ಟುವ ಮೊದಲೇ ಕಿರಾಣಿ ಅಂಗಡಿಯವರ ಮೂಲಕ ಸುದ್ದಿ ಅಪ್ಪನನ್ನು ಮುಟ್ಟಿತ್ತು. ಸೈಕಲ್ಲಿನಿಂದ ಬಿದ್ದಾಗ ಎತ್ತಿ ಮನೆಗೆ ತಂದು ಬಿಟ್ಟವರೂ ಅವರೇ.

ಶಿರಸಿಯ ಹೆಣ್ಣುಮಗಳು
ಮೇಲಿನವರು ಇದನ್ನು ನಗುತ್ತ ಹೇಳಬಲ್ಲರು, ಏಕೆಂದರೆ ಅವರು ಹುಡುಗ. ಬಸ್ ನಿಲ್ದಾಣದಲ್ಲಿ ನಿಂತು ಸಹಪಾಠಿಗೆ ಗಣಿತದ ನೋಟ್ಸ್ ಮರಳಿಸಿದ್ದಕ್ಕೆ ನಮ್ಮ ಮನೆಯಲ್ಲಿ ಒಂದು ತಿಂಗಳು ವಿಚಾರಣೆ ನಡೆಯಿತು. ಬೆಂಗಳೂರಿಗೆ ಬಂದ ಮೊದಲ ವಾರ ಮೆಜೆಸ್ಟಿಕ್ಕಿನಲ್ಲಿ ಒಬ್ಬಳೇ ನಿಂತು ಚಹಾ ಕುಡಿದಾಗ, ‘ನೀನು ಯಾರ ಮಗಳು’ ಎಂದು ಕೇಳುವವರು ಸುತ್ತ ಒಬ್ಬರೂ ಇಲ್ಲವೆಂಬುದೇ ದೊಡ್ಡ ನೆಮ್ಮದಿಯಾಗಿತ್ತು. ಎಂಟನೆಯ ವಯಸ್ಸಿಗೆ ಸಾಗರ ಹಿತವೇ. ಹದಿನಾರಕ್ಕೆ ಏನೆಂಬುದನ್ನು ಈಗಲೇ ಯೋಚಿಸಿ. ಅಂದ ಹಾಗೆ, ನಿಮ್ಮ ಹೆಂಡತಿ ಏಕೆ ಒಪ್ಪುತ್ತಿಲ್ಲವೆಂದು ನೀವು ಬರೆದೇ ಇಲ್ಲ.

ಗಾಂಧಿಬಜಾರ್
ಬೆಂಗಳೂರೆಲ್ಲ ಒಂದೇ ಬಗೆಯದಲ್ಲ. ಬಸವನಗುಡಿಯ ವಠಾರದಲ್ಲಿ ಬೆಳೆದ ನಾವು ಶಾಲೆಗೆ ನಡೆದೇ ಹೋಗುತ್ತಿದ್ದೆವು, ಮತ್ತು ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯಲ್ಲಿ ಜೇಬು ತುಂಬಿಸಿಕೊಂಡು ಬರುತ್ತಿದ್ದೆವು. ನಿಮ್ಮ ಮಗಳ ಸಂಜೆಯನ್ನು ಕಸಿದಿರುವುದು ಆ ಎರಡು ಗಂಟೆಯ ವ್ಯಾನು. ಊರು ಬದಲಿಸುವ ಮುನ್ನ ಶಾಲೆ ಬದಲಿಸಿ ನೋಡಬಹುದಲ್ಲವೇ?

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಹೆಂಡತಿಯನ್ನು ನಿನ್ನೆ ಕೇಳಿದೆ. ‘ಸಾಗರದಲ್ಲಿ ನಾನು ನಿಮ್ಮ ಮನೆಯ ಸೊಸೆ ಮಾತ್ರ, ಇಲ್ಲಿ ನನಗೆ ನನ್ನದೇ ಹೆಸರಿದೆ’ ಎಂದಳು. ಮನೆಗೆ ಹತ್ತಿರದ ಶಾಲೆಯಲ್ಲಿ ವಿಚಾರಿಸಲು ಸೋಮವಾರ ಇಬ್ಬರೂ ಹೋಗುತ್ತಿದ್ದೇವೆ. ಬೇಸಿಗೆ ರಜೆಗೆ ಮಗಳು ಸಾಗರದಲ್ಲಿರುತ್ತಾಳೆ.