ಪದ ಬೇಕಿದೆ: ‘ಸೌಂಡ್‌ಪ್ರೂಫ್’ ಕೋಣೆಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆ ಅಚ್ಚಿಗೆ)

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿದ್ದೇನೆ. ಮನೆಯ ನೆಲಮಾಳಿಗೆಯಲ್ಲಿ ಸಂಗೀತ ಅಭ್ಯಾಸಕ್ಕೆ ಸೌಂಡ್‌ಪ್ರೂಫ್ ಕೋಣೆ ಕಟ್ಟಿಕೊಳ್ಳುವುದು ಹೇಗೆ ಅನ್ನುವ ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 40 ಪುಟ ಮುಗಿದಿದೆ, ಪುಸ್ತಕದ ಹೆಸರೇ ಬಾಕಿ.

ತೊಡಕು ಇಷ್ಟೇ. ಮೂಲದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಒಳಗಿನ ಸದ್ದು ಹೊರಗೆ ಹೋಗದಂತೆ ತಡೆಯುವುದು. ಇನ್ನೊಂದು, ಒಳಗೇ ಗೋಡೆಯಿಂದ ಗೋಡೆಗೆ ಪುಟಿಯುವ ಸದ್ದನ್ನು ಹೀರಿಕೊಳ್ಳುವುದು, ಇಲ್ಲದಿದ್ದರೆ ನುಡಿಸಿದ್ದು ನುಡಿಸಿದವರಿಗೇ ಕಲಸುಮೇಲೋಗರವಾಗಿ ಕೇಳಿಸುತ್ತೆ. ನಾವು ಎರಡಕ್ಕೂ ‘ಧ್ವನಿನಿರೋಧಕ’ ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ.

ಇದು ಬರೀ ಪದದ ಚಪಲ ಅಂದುಕೊಳ್ಳಬೇಡಿ. ಮಗಳು ಡ್ರಮ್ ಕಲಿಯೋಕೆ ಶುರು ಮಾಡಿದಾಗ ನಾನೇ ಮೋಸ ಹೋದೆ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ‘ಧ್ವನಿನಿರೋಧಕ ಫೋಮ್’ ಅಂತಿತ್ತು. ನಾಲ್ಕೂ ಗೋಡೆಗೆ, ಚಾವಣಿಗೆ ಅಂಟಿಸಿದೆವು. ಎರಡು ದಿನ ಬೆರಳಿಗೆಲ್ಲ ಗೋಂದು. ಒಳಗೆ ನಿಂತು ಮಾತಾಡಿದರೆ ಕಂಬಳಿ ಹೊದ್ದು ಮಾತಾಡಿದ ಹಾಗಿತ್ತು, ಗೆದ್ದೆ ಅಂದುಕೊಂಡೆ. ಮೇಲೆ ಹತ್ತಿ ಬಂದರೆ ಧಂ ಧಂ ಹಾಗೇ ಇದೆ, ಕಪಾಟಿನ ಗಾಜು ಬೇರೆ ತಾಳ ಹಾಕುತ್ತಿದೆ. ಫೋಮ್ ತನ್ನ ಕೆಲಸ ಮಾಡಿತ್ತು, ಕೈಕೊಟ್ಟಿದ್ದು ಪದ.

ಹಾಗಾಗಿ ಎರಡು ಪದ ಕೊಡಿ. ಬಾಗಿಲಿಗೆ ಹಾಕೋಕೆ ಫಲಕದ ಒಂದೆರಡು ಸಾಲೂ ಬೇಕು. ದಯವಿಟ್ಟು ಇವತ್ತೇ.

ಮೇಷ್ಟ್ರು:

ಧ್ವನಿನಿರೋಧಕ. ಇರುವ ಪದ ಬಿಟ್ಟು ಹೊಸದು ಯಾಕೆ? ಜಲನಿರೋಧಕ, ಅಗ್ನಿನಿರೋಧಕ, ರೋಗನಿರೋಧಕ ಎಲ್ಲ ನಡೆಯುತ್ತಿವೆ. ‘ಶಬ್ದತಡೆ’ ಅಂತ ಮಾತ್ರ ಬರೆಯಬೇಡಿ, ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ.

ಅಚ್ಚಗನ್ನಡದವನು:

ಮೇಷ್ಟ್ರೇ, ‘ನಿರೋಧ’ ಅಂದ ಕೂಡಲೇ ಒಂದು ತಲೆಮಾರಿನ ಓದುಗರಿಗೆ ನೆನಪಾಗುವುದೇ ಬೇರೆ, ಆ ಹೆಸರಿನ ಕಾಂಡೋಮ್. ಅದನ್ನು ಮಗು ಡ್ರಮ್ ಬಾರಿಸುವ ಕೋಣೆಯ ಬಾಗಿಲಿಗೆ ಅಂಟಿಸೋದು ಬೇಡ. ಅಷ್ಟಕ್ಕೂ ಇಲ್ಲಿ ಸಂಸ್ಕೃತಕ್ಕೆ ಏನು ಕೆಲಸ? ಸದ್ದು ಇದೆ, ತಡೆ ಇದೆ. ಸದ್ದುತಡೆ ಕೋಣೆ. ಮುಗಿಯಿತು.

ಇನ್ನೊಂದು ಮಾತು. ‘ನೆಲಮಾಳಿಗೆ’ಯೂ ಸರಿಯಿಲ್ಲ. ಮಾಳಿಗೆ ಅಂದರೆ ಮೇಲಿನದು. ಮೇಲಿರಬೇಕಾದದ್ದು ನೆಲದಡಿ ಹೇಗೆ ಹೋಯಿತು? ‘ಹಗೇವು’ ಅನ್ನಿ, ಅಪ್ಪಟ ನೆಲದೊಳಗಿನ ಪದ.

ಅನುವಾದಕಿ:

ಹಗೇವು ಕಾಳು ತುಂಬಿಡುವ ಗುಳಿ ಅಲ್ವಾ ಅಣ್ಣಾ? ಅದರೊಳಗೆ ಇಳಿದವರಿಗೆ ಉಸಿರು ಕಟ್ಟುತ್ತೆ. ಮಗಳನ್ನು ಅಲ್ಲಿ ಕೂರಿಸಲಾರೆ. ನೆಲಮಾಳಿಗೆ ಇರಲಿ, ಸೌಂಡ್‌ಪ್ರೂಫ್‌ಗೆ ಬನ್ನಿ.

ಮೇಷ್ಟ್ರು:

> ಇಲ್ಲಿ ಸಂಸ್ಕೃತಕ್ಕೆ ಏನು ಕೆಲಸ?

‘ಸದ್ದು’ ಎಲ್ಲಿಂದ ಬಂತು ಸ್ವಾಮಿ? ಶಬ್ದದ ತದ್ಭವ. ‘ದನಿ’ ಧ್ವನಿಯ ತದ್ಭವ. ಮುಂಬಾಗಿಲಲ್ಲಿ ಓಡಿಸಿದವರನ್ನೇ ಹಿತ್ತಿಲ ಬಾಗಿಲಲ್ಲಿ ಕರೆದುಕೊಂಡಿದ್ದೀರಿ. ಅಚ್ಚಗನ್ನಡವೇ ಆಗಬೇಕಿದ್ದರೆ ‘ಸಪ್ಪಳ’ ತಗೊಳ್ಳಿ, ತೆಲುಗಿನಲ್ಲಿ ಅದಕ್ಕೆ ‘ಚಪ್ಪುಡು’ ಅಂತ ದಾಯಾದಿ ಇದ್ದಾನೆ. ಇಲ್ಲವೇ ‘ಉಲಿ’ ತಗೊಳ್ಳಿ. ಮತ್ತೆ, ಸಮಾಸ ಮಾಡುವವರು ಸಂಧಿಯನ್ನೂ ಮಾಡಬೇಕು. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಹಾಗೇ ಸದ್ದುದಡೆ.

ಅಚ್ಚಗನ್ನಡದವನು:

ಸದ್ದುದಡೆ ಅಂತ ಬಾಗಿಲ ಮೇಲೆ ಬರೆದರೆ ಓದುವವರು ಹೊಸ್ತಿಲಲ್ಲೇ ಎಡವುತ್ತಾರೆ. ಕೈತೋಟ ಅಂತಲೂ ಬರೆಯುತ್ತಾರೆ, ಕೈದೋಟ ಅಂತಲೂ ಬರೆಯುತ್ತಾರೆ, ಗಿಡಕ್ಕೇನೂ ಆಗಿಲ್ಲ. ಇನ್ನು ತದ್ಭವದ ಮಾತು. ತದ್ಭವ ಆದಮೇಲೆ ಅದು ಕನ್ನಡದ್ದೇ, ಅದಕ್ಕೇ ಅರಿಸಮಾಸದ ದೋಷವೂ ತಟ್ಟಲ್ಲ. ಇದನ್ನು ನಿಮಗೇ ಹೇಳಬೇಕಾಯಿತಲ್ಲ. ಸೊಸೆ ಮನೆಗೆ ಬಂದು ಸಾವಿರ ವರ್ಷ ಆಯಿತು, ನೀವಿನ್ನೂ ತವರು ಯಾವುದು ಅಂತ ಕೇಳುತ್ತಾ ಕೂತಿದ್ದೀರಿ.

ಮೇಷ್ಟ್ರು:

ಸೊಸೆ ಬಂದದ್ದನ್ನು ಒಪ್ಪಿದಿರಿ. ಸಾಕು.

ಸ್ಟುಡಿಯೋ ಕೆಲಸದವನು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ರೆಕಾರ್ಡಿಂಗ್ ಕೋಣೆ ಕಟ್ಟುವುದೇ ನನ್ನ ಹೊಟ್ಟೆಪಾಡು. ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ, ಎರಡೂ ಬೇರೆ. ಪದ ಹುಡುಕುವ ಮುಂಚೆ ಅಲ್ಲಿ ಏನಾಗುತ್ತೆ ಅಂತ ಸ್ವಲ್ಪ ನೋಡಿ.

ಸದ್ದನ್ನು ತಡೆಯುವುದು ಭಾರ. ಗೋಡೆಯ ತೂಕ ಎರಡರಷ್ಟು ಮಾಡಿದರೆ ಲೆಕ್ಕದ ಪ್ರಕಾರ 6 ಡೆಸಿಬೆಲ್ (ಸದ್ದಿನ ಅಳತೆ) ಹೆಚ್ಚಿಗೆ ತಡೆಯುತ್ತೆ. ಸದ್ದು ಅರ್ಧಕ್ಕಿಳಿಯಿತು ಅಂತ ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಂದರೆ ಸುಮ್ನೆ ಗೋಡೆ ದಪ್ಪ ಮಾಡುತ್ತಾ ಹೋದರೆ ಜಾಗ ಮುಗಿಯುತ್ತೆ, ಸದ್ದು ಮುಗಿಯಲ್ಲ. ಅದಕ್ಕೇ ಕೋಣೆಯೊಳಗೊಂದು ಕೋಣೆ ಕಟ್ಟುತ್ತೇವೆ. ಬೇರೆಯದೇ ಚೌಕಟ್ಟು, ನಡುವೆ ಗಾಳಿಯ ಜಾಗ, ಅದರಲ್ಲಿ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಮೆತ್ತೆ), ಮೇಲೆ ಎರಡು ಪದರ ಜಿಪ್ಸಮ್ ಬೋರ್ಡ್. ಒಳಗೋಡೆ ಹೊರಗೋಡೆಗೆ ಎಲ್ಲೂ ತಾಕಬಾರದು. ಒಂದೇ ಒಂದು ಉದ್ದನೆಯ ಸ್ಕ್ರೂ ಆಚೆಗೆ ಮುಟ್ಟಿದರೂ ಸದ್ದಿಗೆ ಸೇತುವೆ ಕಟ್ಟಿಕೊಟ್ಟ ಹಾಗೆ. ಸಾಲು ಸಾಲಾಗಿ ಸ್ಕ್ರೂ ಬಿಚ್ಚಿಸಿ ಚಿಕ್ಕದು ಹಾಕಿಸಿದ್ದೇನೆ, ಅವತ್ತು ನನ್ನ ಬಾಯಿಂದ ಬಂದ ಪದಗಳು ಯಾವ ನಿಘಂಟಿನಲ್ಲೂ ಇರಲಿಕ್ಕಿಲ್ಲ.

ನೆಲಮಾಳಿಗೆಯಲ್ಲಿ ಸುತ್ತ ಮಣ್ಣಿರುತ್ತೆ, ಹಾಗಾಗಿ ಪಕ್ಕದ ಗೋಡೆಗಳ ಚಿಂತೆ ಕಮ್ಮಿ. ಸೋರುವುದು ಚಾವಣಿಯಿಂದ, ಬಾಗಿಲಿಂದ, ಗಾಳಿಯ ಕೊಳವೆಯಿಂದ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಸಾಕು, ಮಿಕ್ಕಿದ್ದು ಎಷ್ಟೇ ಗಟ್ಟಿಯಿದ್ದರೂ ಒಟ್ಟು ತಡೆ 20 ಡೆಸಿಬೆಲ್ ದಾಟಲ್ಲ. ಬಾಗಿಲು ಹಾಕಿ, ದೀಪ ಆರಿಸಿ, ಒಳಗೆ ನಿಲ್ಲಿ. ಆಚೆಯಿಂದ ಯಾರಾದರೂ ಚೌಕಟ್ಟಿನ ಸುತ್ತ ಟಾರ್ಚ್ ಬಿಡಲಿ. ಬೆಳಕಿನ ಗೆರೆ ಎಲ್ಲಿ ಕಂಡರೆ ಅಲ್ಲಿ ಸದ್ದು ಸೋರುತ್ತೆ, ಅಲ್ಲಿ ರಬ್ಬರ್ ಪಟ್ಟಿ ಹಾಕಬೇಕು. ಹಾಗಂತ ಗಾಳಿಯ ದಾರಿಯನ್ನೂ ಮುಚ್ಚಿಬಿಟ್ಟರೆ ನಿಜಕ್ಕೂ ಹಗೇವೇ ಆಗುತ್ತೆ. ಕೊಳವೆ ಬೇಕು, ನೇರ ಬೇಡ. ಒಳಗೆ ಮೆತ್ತೆ ಹಾಕಿ, ಒಂದೆರಡು ಕಡೆ ಬಾಗಿಸಿ ತನ್ನಿ.

ಫೋಮ್ ಹಗುರ, ಮೈಯೆಲ್ಲ ತೂತು. ಅದು ಒಳಗಿನ ಮಾರ್ದನಿಯನ್ನು ಹೀರುತ್ತೆ, ಅಷ್ಟೇ. ದೊಡ್ಡ ಡ್ರಮ್ಮಿನ ತಗ್ಗು ಸದ್ದಿಗೆ ತೆಳು ಫೋಮ್ ಲೆಕ್ಕಕ್ಕೇ ಇಲ್ಲ.

ನಾವು ಕೆಲಸದಲ್ಲಿ ಹೇಳುವುದು “ಸೌಂಡ್ ಲೀಕ್ ಆಗ್ತಿದೆ”, “ಎಕೋ ಜಾಸ್ತಿ, ಪ್ಯಾನೆಲ್ ಹಾಕು”. ನಿಮಗೆ ಹೇಗೆ ಬೇಕೋ ಹಾಗೆ ಬರ್ಕೊಳ್ಳಿ.

ಅನುವಾದಕಿ:

ತಮ್ಮಾ, ನೀನು ಬರೆಯುತ್ತಾ ಎರಡು ಸಲ ‘ಸೋರು’ ಅಂದುಬಿಟ್ಟಿದ್ದೀಯ, ಗಮನಿಸಿದೆಯಾ? ನನಗೆ ಬೇಕಿದ್ದದ್ದು ಅದೇ. ಇಷ್ಟು ಹೊತ್ತು ನಾವು ತಡೆಯುವುದನ್ನೇ ಹಿಡಿದುಕೊಂಡಿದ್ದೆವು. ಚಾವಣಿಯಿಂದ ನೀರು ಸೋರಿದ್ದನ್ನು ಕಂಡವರಿಗೆ ಸದ್ದು ಸೋರುವುದೂ ತಟ್ಟನೆ ಅರ್ಥವಾಗುತ್ತೆ. ಸಂದು ಮುಚ್ಚಬೇಕು ಅನ್ನುವುದೂ ಅದರಲ್ಲೇ ಬಂತು. ಮೇಲೆ ಫೋಮ್ ಅಂಟಿಸಿ ಸೋರಿಕೆ ನಿಲ್ಲಿಸುತ್ತೇನೆ ಅಂತ ಯಾರೂ ಹೊರಡುವುದಿಲ್ಲ.

ಇನ್ನು ಎರಡನೆಯದು. ಹೀರುವ ಹಲಗೆಗೆ?

ಮೇಷ್ಟ್ರು:

ಧ್ವನಿಶೋಷಕ ಫಲಕ.

ಅಚ್ಚಗನ್ನಡದವನು:

ಶೋಷಣೆ ಅಂದರೆ ಈಗ ಜನಕ್ಕೆ ಒಂದೇ ಅರ್ಥ. ಪಾಪ, ಸದ್ದು ಯೂನಿಯನ್ ಕಟ್ಟಿಕೊಂಡು ಬಂದೀತು. ‘ಹೀರುಹಲಗೆ’ ಅನ್ನಿ ಅಕ್ಕ. ಹೀರು ಅನ್ನುವ ಧಾತುವಿಗೆ ಹಲಗೆ ಸೇರಿಸಿದ್ದು, ಎಲ್ಲೂ ಜೋಲು ಬಿದ್ದಿಲ್ಲ.

ಇಂಗ್ಲಿಷ್ ಇರಲಿ ಅನ್ನುವವಳು:

ಇಷ್ಟೆಲ್ಲ ಯಾಕೆ? ಸೌಂಡ್‌ಪ್ರೂಫ್ ಅಂತಲೇ ಬರೆಯಿರಿ. ಎಲ್ಲರಿಗೂ ಗೊತ್ತು. ‘ಪಿಟೀಲು’ ಎಲ್ಲಿಂದ ಬಂತು? ಫಿಡಲ್‌ನಿಂದ. ಅದನ್ನು ಬಾರಿಸುವಾಗ ಯಾರ ಕನ್ನಡವೂ ಕೆಟ್ಟಿಲ್ಲ.

ಮೇಷ್ಟ್ರು:

ಪಿಟೀಲು ಕನ್ನಡದ ನಾಲಗೆಗೆ ಒಗ್ಗಿಕೊಂಡು ಬಂತು ತಾಯಿ. ಫಕಾರ ಬಿಟ್ಟಿತು, ಕೊನೆಗೊಂದು ಉಕಾರ ಹಚ್ಚಿಕೊಂಡಿತು. ನಿಮ್ಮ ಸೌಂಡ್‌ಪ್ರೂಫ್ ಬೂಟು ಕಳಚದೆ ಒಳಗೆ ನುಗ್ಗುತ್ತಿದೆ.

ಅಚ್ಚಗನ್ನಡದವನು:

ಬದುಕಿನಲ್ಲಿ ಮೊದಲ ಸಲ ಮೇಷ್ಟ್ರ ಮಾತು ಒಪ್ಪಿದೆ. ಇದೇ ನೇಮ ಧ್ವನಿನಿರೋಧಕಕ್ಕೂ ಹಚ್ಚಿದರೆ ಪೂರ್ತಿ ಒಪ್ಪುತ್ತೇನೆ. ಅದರ ಮಹಾಪ್ರಾಣಗಳೂ ಬೂಟಿನಂತೆ ಟಕಟಕ ಅನ್ನುತ್ತಿವೆ.

ಇಂಗ್ಲಿಷ್ ಇರಲಿ ಅನ್ನುವವಳು:

ಎಲ್ಲರಿಗೂ ಗೊತ್ತು ಅಂದೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಅನುವಾದಕಿ:

ನಾನು ಕೊಡುತ್ತೇನೆ. ಎಲ್ಲರಿಗೂ ಗೊತ್ತಿದೆ ಅಂದುಕೊಂಡೇ ನಾನು ಫೋಮ್ ತಂದಿದ್ದು. ಸೌಂಡ್‌ಪ್ರೂಫ್ ಅನ್ನುವ ಪದ ಗೊತ್ತಿತ್ತು, ಅದು ಏನು ಮಾಡುತ್ತೆ ಅಂತ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೂ ನಾನು ಅದನ್ನೇ ತರುತ್ತಿದ್ದೆ ಅನ್ನಿ, ಆದರೆ ‘ಹೀರುಹಲಗೆ’ ಅಂತ ಬರೆದಿದ್ದರೆ ಒಂದು ನಿಮಿಷ ನಿಂತು, ಏನನ್ನು ಹೀರುತ್ತೆ, ಎಲ್ಲಿಂದ, ಅಂತ ಕೇಳುತ್ತಿದ್ದೆ.

ಅಚ್ಚಿಗೆ ಕಳಿಸುತ್ತಿರುವುದು ಹೀಗೆ. ಪುಸ್ತಕದ ಹೆಸರು ‘ಸದ್ದು ಸೋರದ ಕೋಣೆ’. ಒಳಪುಟಗಳಲ್ಲಿ ಕೆಲಸದ ಹೆಸರಾಗಿ ಸದ್ದುತಡೆ, ದಕಾರ ಇಲ್ಲದೆ. ಫೋಮ್, ಪ್ಯಾನೆಲ್ಲುಗಳಿಗೆ ಹೀರುಹಲಗೆ. ಮೇಷ್ಟ್ರೇ, ಧ್ವನಿನಿರೋಧಕವನ್ನು ಮೊದಲ ಅಧ್ಯಾಯದಲ್ಲಿ ಒಂದು ಸಲ ಹೇಳಿದ್ದೇನೆ, ಪೊಟ್ಟಣದ ಮೇಲೆ ಕಂಡರೆ ನಂಬಬೇಡಿ ಅಂತ. ಕೋಪ ಬೇಡ.

ಬಾಗಿಲಿನ ಫಲಕ: “ಒಳಗೆ ಅಭ್ಯಾಸ ನಡೆಯುತ್ತಿದೆ. ಬಾಗಿಲು ಬಡಿದರೆ ಕೇಳಿಸುವುದಿಲ್ಲ. ಪಕ್ಕದ ಗುಂಡಿ ಒತ್ತಿ, ಒಳಗೆ ದೀಪ ಹೊತ್ತಿಕೊಳ್ಳುತ್ತದೆ.” ತಪ್ಪಿದ್ದರೆ ಅರ್ಧ ಗಂಟೆಯೊಳಗೆ ಹೇಳಿ.

ಮೇಷ್ಟ್ರು:

ಗುಂಡಿ ಅಂದರೆ ಹಳ್ಳ. ಅದೂ ಕೆಳಗಿಳಿಯುವ ಮೆಟ್ಟಿಲ ಬುಡದಲ್ಲಿ, ‘ಪಕ್ಕದ ಗುಂಡಿ’.

ಅಚ್ಚಗನ್ನಡದವನು:

ಅಂಗಿಯ ಗುಂಡಿಯೂ ಗುಂಡಿಯೇ. ಅದರೊಳಗೆ ಯಾರೂ ಬಿದ್ದಿಲ್ಲ.

ಸ್ಟುಡಿಯೋ ಕೆಲಸದವನು:

ಸ್ವಿಚ್ ಅನ್ನಿ ಅಕ್ಕ.

ಮೇಷ್ಟ್ರು:

ಬೂಟು.