ಬೆಂಗಳೂರಿನ 6.6 ಲಕ್ಷವಾ, ಕೊಚ್ಚಿಯ 5.4 ಲಕ್ಷವಾ? ಬದಿಯಡ್ಕದಿಂದ ಕೇಳ್ತಿದ್ದೇನೆ

ಬದಿಯಡ್ಕದವಳು:
ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ, ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ. ಎಂಕಾಂ ಮುಗಿಸಿ ಮೂರು ವರ್ಷದಿಂದ ಮಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿದ್ದೇನೆ, ಸಂಬಳ 24 ಸಾವಿರ. ಬೆಳಿಗ್ಗೆ ಬಸ್ಸಲ್ಲಿ ಕುಂಬಳೆ, ಅಲ್ಲಿಂದ ಸೀಸನ್ ಟಿಕೆಟಿನಲ್ಲಿ ರೈಲು. ವಾಪಸ್ ಮನೆ ಮುಟ್ಟುವಾಗ ರಾತ್ರಿ ಎಂಟು.

ಈಗ ಒಟ್ಟಿಗೇ ಎರಡು ಆಫರ್ ಬಂದಿದೆ, ಎರಡೂ ಅಕೌಂಟ್ಸ್ ಕೆಲಸವೇ. ಬೆಂಗಳೂರಿನ ಬೆಳ್ಳಂದೂರಲ್ಲಿ ವರ್ಷಕ್ಕೆ 6.6 ಲಕ್ಷ, ಕೊಚ್ಚಿಯ ಕಾಕ್ಕನಾಡಿನಲ್ಲಿ 5.4 ಲಕ್ಷ. ಅಪ್ಪ "ಬೆಂಗಳೂರಾದರೆ ಭಾಷೆಯಾದರೂ ನಮ್ಮದು" ಅಂತಾರೆ. ಅದೂ ಹೌದು; ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ, ಮಲಯಾಳ ಮಾತಾಡ್ತೇನೆ, ಆದರೆ ಓದಬೇಕಾದರೆ ಅಕ್ಷರದ ಮೇಲೆ ಬೆರಳಿಡಬೇಕು. ತೋಟದ ಬೋರ್‌ವೆಲ್ ಸಾಲಕ್ಕೆ ತಿಂಗಳಿಗೆ 15 ಸಾವಿರ ಮನೆಗೆ ಕಳಿಸಲೇಬೇಕು. ಅಜ್ಜಿಗೆ ಹುಷಾರಿಲ್ಲ, ತಿಂಗಳಿಗೆ ಎರಡು ಸಲವಾದರೂ ಊರಿಗೆ ಬರಬೇಕು. ಕೈಯಲ್ಲಿ ಹೆಚ್ಚು ಉಳಿಯುವುದು ಎಲ್ಲಿ?

ಪೆರ್ಲದಿಂದ ಬೆಂಗಳೂರಿಗೆ:
ತಂಗೀ, ನಾನು ಹನ್ನೊಂದು ವರ್ಷದಿಂದ ಇಲ್ಲಿ ಪೇರೋಲ್, ಅಂದರೆ ಸಂಬಳದ ಲೆಕ್ಕದ ಕೆಲಸವನ್ನೇ ಮಾಡುವವ. ಆ ಎರಡೂ ಆಫರ್ ಲೆಟರಿನ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಇರ್ತದೆ, ಅದರ ಅಂಕೆಗಳನ್ನು ಹಾಕು. ಕಂಪನಿ ಹೆಸರು ಬೇಡ.

ಬದಿಯಡ್ಕದವಳು:
ಬೆಂಗಳೂರಿದು: ವೇರಿಯೇಬಲ್ ಪೇ (ಕೆಲಸ ನೋಡಿ ಕೊಡುವ ಭಾಗ) 60,000, ಕಂಪನಿಯ ಪಾಲಿನ ಪಿಎಫ್ 21,600, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) 12,700. ಕೊಚ್ಚಿದು: ಪಿಎಫ್ ಅಷ್ಟೇ, ಗ್ರಾಚ್ಯುಟಿ 10,800, ವೇರಿಯೇಬಲ್ ಇಲ್ಲ.

ಪೆರ್ಲದಿಂದ ಬೆಂಗಳೂರಿಗೆ:
ನಾನು ಅಂದುಕೊಂಡ ಹಾಗೇ ಆಯ್ತು. ಬೆಂಗಳೂರಿನ 6.6ರಲ್ಲಿ ಈ ಮೂರನ್ನೂ ಕಳೆ, ತಿಂಗಳಿಗೆ 47,140 ಬರ್ತದೆ. ನಿನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 45 ಸಾವಿರ ಚಿಲ್ಲರೆ. ಕೊಚ್ಚಿಯದ್ದು ಅದೇ ಥರ ಮಾಡಿದರೆ, ವೃತ್ತಿ ತೆರಿಗೆ ಹಿಡಿಯುವ ಮೊದಲು 40,500. ಅಲ್ಲಿ ವೃತ್ತಿ ತೆರಿಗೆಯನ್ನು ಪಂಚಾಯತ್, ನಗರಸಭೆಯವರು ಆರು ತಿಂಗಳಿಗೊಮ್ಮೆ 1,250 ಅಂತ ಹಿಡಿಯುವುದು. ಇಲ್ಲಿ ತಿಂಗಳು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300. ವರ್ಷಕ್ಕೆ ಎರಡೂ ಕಡೆ 2,500ವೇ. ಆದಾಯ ತೆರಿಗೆಯ ತಲೆಬಿಸಿ ಬೇಡ, ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ಏನೂ ಇಲ್ಲ.

ಅಂದರೆ ಕಾಗದದ ಮೇಲಿನ 1.2 ಲಕ್ಷದ ವ್ಯತ್ಯಾಸ ಕೈಗೆ ಬರುವಾಗ ತಿಂಗಳಿಗೆ ಐದು ಸಾವಿರಕ್ಕೆ ಇಳಿಯಿತು. ವೇರಿಯೇಬಲ್ ಬಂದರೆ ಬಂತು. ನನಗೆ ಎರಡು ವರ್ಷ ಅರ್ಧವೂ ಸಿಗಲಿಲ್ಲ. ಗ್ರಾಚ್ಯುಟಿಯಂತೂ ಐದು ವರ್ಷ ಅಲ್ಲೇ ಕೂತರೆ.

ಇನ್ನು ಖರ್ಚು. ಬೆಳ್ಳಂದೂರು ಕಡೆ ನನ್ನ ತಂಗಿ ಇಬ್ಬರ ರೂಮಿನ ಪಿಜಿಗೆ ಊಟ ಸೇರಿ 12 ಸಾವಿರ ಕೊಡ್ತಾಳೆ. ಊಟ ಅಂದರೆ ಬೆಳ್ತಿಗೆ ಅನ್ನ, ನೀರು ಸಾರು. ಕುಚ್ಚಲಕ್ಕಿ ಗಂಜಿ ಉಂಡವಳಿಗೆ ನಾಲ್ಕನೇ ದಿನ ಹೊರಗಿಂದ ತರಿಸದೆ ಆಗುವುದಿಲ್ಲ. ಮನೆ ಮಾಡುತ್ತೇನೆಂದರೆ ಅಡ್ವಾನ್ಸ್ ತಯಾರಿಟ್ಟುಕೋ. ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳ್ತಿದ್ದರು, ಈಗ ಐದಾರಕ್ಕೆ ಒಪ್ಪುವವರೂ ಇದ್ದಾರೆ.

ಮತ್ತೊಂದು. ಬಸ್ಸು ಫ್ರೀ ಅಂತ ಲೆಕ್ಕ ಹಾಕಿದ್ದರೆ ತೆಗೆದುಬಿಡು. ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸ ಬೇಕು. ನನ್ನ ಹೆಂಡತಿ ಕಂಡಕ್ಟರಿಗೆ ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟು, ಕೇರಳದ ಆಧಾರ್ ತೋರಿಸಿ, ಟಿಕೆಟ್ ತೆಗೆದಳು! ಪಕ್ಕದ ಸೀಟಿನವರು ನಕ್ಕರಂತೆ.

ಕಾಕ್ಕನಾಡಿನಿಂದ:
ನಾನು ಮಂಜೇಶ್ವರದವಳು, ಇಲ್ಲಿಗೆ ಬಂದು ನಾಲ್ಕು ವರ್ಷ. ಪಿಜಿಗೆ ಊಟ ಸೇರಿ 7,500 ಕೊಡ್ತೇನೆ, ಮಟ್ಟ ಅಕ್ಕಿ (ಕೇರಳದ ಕೆಂಪು ಕುಚ್ಚಲಕ್ಕಿ) ಅನ್ನ. ಶುಕ್ರವಾರ ರಾತ್ರಿ ಎರ್ನಾಕುಳಂನಲ್ಲಿ ಮಾವೇಲಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಕಾಸರಗೋಡು. ಸ್ಲೀಪರಿಗೆ ಮುಂಚೆ ಬುಕ್ ಮಾಡಿಡಬೇಕು ಅಷ್ಟೇ. ಬೆಂಗಳೂರಿನವರು ಓಣಂ, ದೀಪಾವಳಿಗೆ ಬಸ್ಸಿಗೆ ಕೊಡುವ ದುಡ್ಡು ಕೇಳಿದರೆ ನನಗೆ ತಲೆ ತಿರುಗ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಆ ದುಡ್ಡು ಕೊಟ್ಟೂ ದಾರಿಯಲ್ಲೇ.

ಕಷ್ಟವೂ ಹೇಳ್ತೇನೆ. ಮೆಟ್ರೊ ಕಾಮಗಾರಿಯಿಂದ ರಸ್ತೆ ಪೂರ್ತಿ ಬ್ಲಾಕ್. ವೈಟ್ಟಿಲ ಕಡೆಯಿಂದ ಬರುವುದಾದರೆ 2023ರಲ್ಲಿ ಶುರುವಾದ ವಾಟರ್ ಮೆಟ್ರೊ ಬೋಟು ಉಂಟು, ನನಗೆ ಅದೇ ಇಷ್ಟ. ಆದರೆ ಕೆಲಸ ಬಿಟ್ಟು ಬೇರೆ ಕಡೆ ಹೋಗ್ತೇನೆಂದರೆ ಬೆಂಗಳೂರಿನಷ್ಟು ಕಂಪನಿಗಳು ಇಲ್ಲಿಲ್ಲ. ನಾಲ್ಕು ವರ್ಷದಲ್ಲಿ ನನ್ನ ಸಂಬಳ ಏರಿದ್ದು ಆರು ಸಾವಿರ, ನನ್ನ ಜೊತೆ ಓದಿದವಳು ಅಲ್ಲಿ ಎರಡು ಸಲ ಕಂಪನಿ ಬದಲಾಯಿಸಿ ಡಬಲ್ ಮಾಡಿಕೊಂಡಳು. ಮತ್ತೆ ಭಾಷೆ: ನಮ್ಮ ಕಾಸರಗೋಡಿನ ಮಲಯಾಳ ಕೇಳಿ ಇಲ್ಲಿಯವರು ನಗ್ತಾರೆ.

ಪೆರ್ಲದಿಂದ ಬೆಂಗಳೂರಿಗೆ:
"ಎಂತ", "ಉಂಟು" ಅಂದರೆ ಇಲ್ಲಿಯೂ ನಗ್ತಾರೆ ಮಾರಾಯ್ತಿ.

ಕುಂಬಳೆ ಪ್ಲಾಟ್‌ಫಾರಂ:
24 ಸಾವಿರಕ್ಕೆ ಮಂಗಳೂರಲ್ಲೇ ಇರು ಅಂತ ಹೇಳಲಿಕ್ಕೆ ಬಂದೆ. ಬಾಡಿಗೆ ಇಲ್ಲ, ಅಮ್ಮನ ಅಡಿಗೆ. ಆಮೇಲೆ ನೆನಪಾಯ್ತು, ನಾನೂ ಹೀಗೇ ಹೇಳಿಕೊಂಡು ಒಂಬತ್ತು ವರ್ಷದಿಂದ ಅದೇ ಗಾಡಿಯಲ್ಲಿ ನಿಂತುಕೊಂಡು ಹೋಗ್ತಿದ್ದೇನೆ. ಹೋಗು ಮಾರಾಯ್ತಿ.

ಬದಿಯಡ್ಕದವಳು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಲೆಕ್ಕ ಹಾಕಿದೆ. ಬೆಂಗಳೂರಿನಲ್ಲಿ 45ರಲ್ಲಿ ಮನೆಗೆ 15, ಪಿಜಿಗೆ 12, ಎರಡು ಸಲ ಊರಿಗೆ ಬಂದು ಹೋಗಲು ಬಸ್ಸಿಗೆ 4 ಹೋಗಿ 14 ಉಳೀತದೆ. ಕೊಚ್ಚಿಯಲ್ಲಿ 40ರಲ್ಲಿ 15, ಏಳೂವರೆ, ರೈಲಿಗೆ ಒಂದೂವರೆ ಇಟ್ಟುಕೊಂಡರೂ 16. ಅಪ್ಪನಿಗೆ ತೋರಿಸಿದೆ, ಎರಡು ಸಲ ಕೂಡಿಸಿ ನೋಡಿ ಏನೂ ಹೇಳದೆ ತೋಟಕ್ಕೆ ಹೋದರು.

ಬೆಂಗಳೂರಿನವರಿಗೆ ಬೆಳಿಗ್ಗೆ ಮೇಲ್ ಹಾಕಿದ್ದೇನೆ, ಆ 60 ಸಾವಿರವನ್ನು ತಿಂಗಳ ಸಂಬಳಕ್ಕೇ ಸೇರಿಸಿದರೆ ಬರ್ತೇನೆ ಅಂತ. ಕೊಚ್ಚಿಯವರು ಸೋಮವಾರದವರೆಗೆ ಸಮಯ ಕೊಟ್ಟಿದ್ದಾರೆ. ಕಾಕ್ಕನಾಡಿನ ಅಕ್ಕಾ, ನಿಮ್ಮ ಪಿಜಿಯಲ್ಲಿ ಒಂದು ಬೆಡ್ ಖಾಲಿ ಉಂಟಾ ಅಂತ ಸುಮ್ಮನೆ ಕೇಳಿ ಇಡ್ತೀರಾ?