ಜಾನ್ ವಿಂಚೆಸ್ಟರ್ ಕತೆ ಕಾಮಿಕ್ಸಿನಲ್ಲಿದೆ, ಓದು

ಪುಟ್ಟಾ, ಮಾವ ಮಾತಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಪೂರ್ತಿ ಕೇಳು. ಡೀನ್, ಸ್ಯಾಮ್ ಅನ್ನುವ ಅಣ್ಣ ತಮ್ಮ ದೆವ್ವ ಭೂತಗಳ ಬೇಟೆ ಆಡುವ ಅಮೆರಿಕದ ಟೀವಿ ಸೀರಿಯಲ್ ‘ಸೂಪರ್‌ನ್ಯಾಚುರಲ್’ ಹದಿನೈದೂ ಸೀಸನ್ ಮುಗಿಸಿದೆ, ಈಗ ಅದರ ಹಿಂದಿನ ಕತೆ ಹೇಳುವ ಕಾಮಿಕ್ಸ್ ತರಿಸಲಾ ಅಂತ ಕೇಳಿದ್ದೀಯ. ಅದಕ್ಕೆ ನಿಮ್ಮಣ್ಣ, ಟೀವಿ ಕತೆಗೂ ಅದಕ್ಕೂ ತಾಳೆಯೇ ಆಗಲ್ಲ, ಸುಮ್ನೆ ದುಡ್ಡು ದಂಡ ಅಂದಿದ್ದಾನೆ. ನಾನು ಒಪ್ಪುವುದಿಲ್ಲ. ತರಿಸು. ಮೊದಲನೆಯದಾದ ‘ಒರಿಜಿನ್ಸ್’ ಅನ್ನಂತೂ ಬಿಡಲೇಬೇಡ.

ಯಾಕೆ ಗೊತ್ತಾ? ಆ ಸೀರಿಯಲ್ಲಿನಲ್ಲಿ ಆ ಹುಡುಗರ ಅಪ್ಪ ಜಾನ್ ಇರುವುದೇ ಎಷ್ಟು ಹೊತ್ತು, ಹೇಳು? ಮೊದಲ ಎಪಿಸೋಡಿನಲ್ಲೇ ಕಾಣೆ. ಎರಡನೇ ಸೀಸನ್ ಶುರುವಿನಲ್ಲಿ ಡೀನ್ ಬದುಕಲಿ ಅಂತ ತನ್ನ ಜೀವ ಕೊಟ್ಟು ಹೋಗಿಬಿಡುತ್ತಾನೆ. ಆಮೇಲೆ ಮಕ್ಕಳಿಬ್ಬರೂ ಅವನ ಬಗ್ಗೆ ಜಗಳ ಆಡಿದ್ದೇ ಆಡಿದ್ದು. ಸ್ಯಾಮ್ ಬೈಯುತ್ತಾನೆ, ಡೀನ್ ವಹಿಸಿಕೊಳ್ಳುತ್ತಾನೆ, ಆಮೇಲೆ ಡೀನ್‌ನೇ ಬೈಯುತ್ತಾನೆ. ಅವನ ಕಡೆಯ ಮಾತು ಹೇಳೋಕೆ ಅವನೇ ಇಲ್ಲ.

1983ರ ನವೆಂಬರ್ 2ರ ಆ ರಾತ್ರಿ ನೆನಪಿದೆಯಲ್ಲ? ಕಾನ್ಸಾಸ್‌ನ ಲಾರೆನ್ಸ್. ಜಾನ್ ಟೀವಿ ಮುಂದೆ ಕೂತಲ್ಲೇ ನಿದ್ದೆಹೋಗಿದ್ದಾನೆ. ಹೆಂಡತಿ ಮೇರಿ ಕಿರುಚಿದ್ದು ಕೇಳಿ ಮಹಡಿಗೆ ಓಡುತ್ತಾನೆ. ಮಗು ಆರಾಮಾಗಿದೆ. ಅದರ ತಲೆ ಪಕ್ಕ ಒಂದು ರಕ್ತದ ಹನಿ ಬೀಳುತ್ತದೆ. ಕತ್ತೆತ್ತಿ ನೋಡಿದರೆ ಹೆಂಡತಿ ಸೀಲಿಂಗಿಗೆ ಅಂಟಿಕೊಂಡಿದ್ದಾಳೆ. ತಕ್ಷಣ ಬೆಂಕಿ. ಆರು ತಿಂಗಳ ಸ್ಯಾಮ್‌ನನ್ನು ನಾಲ್ಕು ವರ್ಷದ ಡೀನ್ ಕೈಗೆ ಕೊಟ್ಟು, ತಿರುಗಿ ನೋಡದೆ ಓಡು ಅನ್ನುತ್ತಾನೆ. ಅಲ್ಲಿಂದ ಸೀರಿಯಲ್ 22 ವರ್ಷ ದಾಟಿ ಸ್ಯಾಮ್ ಕಾಲೇಜು ಓದುತ್ತಿರುವ ಸ್ಟ್ಯಾನ್‌ಫರ್ಡಿಗೆ ಬಂದುಬಿಡುತ್ತದೆ. 2007ರಲ್ಲಿ ಬಂದ ‘ಒರಿಜಿನ್ಸ್’ ಕೈ ಹಾಕುವುದು ಆ ಬಿಟ್ಟ ಜಾಗಕ್ಕೇ. ಗ್ಯಾರೇಜಿನ ಮೆಕ್ಯಾನಿಕ್, ದೆವ್ವ ಭೂತದ ಗಂಧಗಾಳಿ ಇಲ್ಲದವನು, ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬೇಟೆಗಾರ ಆಗಿದ್ದು ಹೇಗೆ ಅಂತ. ಮ್ಯಾಥ್ಯೂ ಡೌ ಸ್ಮಿತ್ ಅವರ ಚಿತ್ರಗಳಲ್ಲಿ ಕತ್ತಲೆ ಜಾಸ್ತಿ. ಆ ಕತೆಗೆ ಅದೇ ಸರಿ.

ಇದನ್ನು ಓದಿ ‘ಸಮ್‌ಥಿಂಗ್ ವಿಕೆಡ್’ ಎಪಿಸೋಡ್ ಮತ್ತೆ ನೋಡು. ತಮ್ಮನನ್ನು ಕಾಯಿ ಅಂತ ಹೇಳಿ ಅಪ್ಪ ಹೋಗಿರುತ್ತಾನೆ. ಡೀನ್ ಬೇಜಾರಾಗಿ ಮೋಟೆಲ್ ರೂಮಿಂದ ಗೇಮ್ ಆಡೋಕೆ ಹೋಗುತ್ತಾನೆ. ವಾಪಸ್ ಬಂದರೆ ಒಂದು ಪಿಶಾಚಿ ಸ್ಯಾಮ್ ಮೇಲೆ ಬಗ್ಗಿ ಕೂತಿದೆ. ಆಗ ಅಪ್ಪ ಬಂದು ಗುಂಡು ಹೊಡೆದು, ಚಿಕ್ಕವನನ್ನು ಅಪ್ಪಿಕೊಂಡು, ದೊಡ್ಡವನನ್ನು ಒಂದು ನೋಟ ನೋಡುತ್ತಾನೆ. ಎಂಥ ಕಲ್ಲು ಮನುಷ್ಯ ಅನ್ನಿಸುತ್ತದೆ ಅಲ್ವಾ? ಅವನ ಆ ಮೊದಲ ದಿನಗಳು ತಲೆಯಲ್ಲಿದ್ದರೆ ಅದೇ ನೋಟದಲ್ಲಿ ಎಷ್ಟು ಭಯ ಇತ್ತು ಅಂತ ಕಾಣುತ್ತದೆ. ಅವನು ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಪುಟ್ಟ ಮಗುವಿನ ತಲೆ ಮೇಲೆ ಅಷ್ಟು ಭಾರ ಹೊರಿಸಬಾರದು.

ಇನ್ನು ತಾಳೆ ಆಗಲ್ಲ ಅನ್ನೋದು. ನಿಜ, ಆಗಲ್ಲ. ಆದರೆ ಮೇರಿಯ ಅಪ್ಪ ಅಮ್ಮನೂ ಬೇಟೆಗಾರರೇ ಅಂತ ಟೀವಿಯಲ್ಲಿ ಬಂದಿದ್ದು 2008ರಲ್ಲಿ, ನಾಲ್ಕನೇ ಸೀಸನ್ನಿನಲ್ಲಿ. ಡೀನ್ ಕಾಲದಲ್ಲಿ ಹಿಂದಕ್ಕೆ, 1973ಕ್ಕೆ ಹೋಗಿ ಅಪ್ಪ ಇಂಪಾಲಾ ಕಾರನ್ನೇ ಕೊಳ್ಳುವ ಹಾಗೆ ಮಾಡುತ್ತಾನಲ್ಲ, ಅದೇ ಎಪಿಸೋಡ್. ಒಂದು ವರ್ಷ ಮೊದಲೇ ಅಚ್ಚಾದ ಪುಸ್ತಕಕ್ಕೆ ಅದು ಹೇಗೆ ಗೊತ್ತಿರಬೇಕು? ಅದನ್ನು ಬರೆದ ಪೀಟರ್ ಜಾನ್ಸನ್ ಹೊರಗಿನವರೂ ಅಲ್ಲ, ಸೀರಿಯಲ್ ತಂಡದವರೇ. ಟೀವಿಯವರು 2022ರಲ್ಲಿ ‘ದಿ ವಿಂಚೆಸ್ಟರ್ಸ್’ ಅಂತ ಜಾನ್, ಮೇರಿಯರ ಹರೆಯದ ಕತೆ ಮಾಡಿದಾಗ ಅವರಿಗೂ ತಾಳೆ ಹಾಕೋಕೆ ಆಗಲಿಲ್ಲ. ಕೊನೆಗೆ ಇದು ಬೇರೆಯೇ ಲೋಕದ ಕತೆ ಅಂದರು. ಹದಿಮೂರು ಎಪಿಸೋಡಿಗೆ ಅದು ನಿಂತೂಹೋಯಿತು.

ಉಳಿದವು ಬೇಗ ಹೇಳುತ್ತೇನೆ. ‘ರೈಸಿಂಗ್ ಸನ್’ 2008ರದ್ದು, ಅಣ್ಣ ತಮ್ಮ ಸ್ವಲ್ಪ ದೊಡ್ಡವರಾಗಿರುತ್ತಾರೆ. ‘ಬಿಗಿನಿಂಗ್ಸ್ ಎಂಡ್’ 2010ರದ್ದು, ಸ್ಯಾಮ್ ಮನೆ ಬಿಟ್ಟು ಕಾಲೇಜಿಗೆ ಹೋಗುವುದು. ಅದನ್ನು ಬರೆದ ಇಬ್ಬರಲ್ಲಿ ಆಂಡ್ರ್ಯೂ ಡ್ಯಾಬ್ ಒಬ್ಬರು. ಕೊನೆಯ ಸೀಸನ್‌ಗಳನ್ನು ನಡೆಸಿದವರು ಅವರೇ. ಸ್ಯಾಮ್ ಸ್ಕಾಟ್ಲೆಂಡಿಗೆ ಹೋಗುವುದು ಇನ್ನೊಂದಿದೆ, ಅದು ಆಮೇಲೆ ನೋಡಿದರಾಯಿತು.

ಅಕ್ಕಾ, ಇದು ಮಕ್ಕಳು ಓದುವಂಥದ್ದಾ ಅಂತ ನೀನು ಕೇಳಿದ್ದಕ್ಕೆ: ಇದು ಮಕ್ಕಳ ಚಿತ್ರಕತೆ ಅಲ್ಲ. ರಕ್ತ, ಸಾವು ಎಲ್ಲಾ ಇದೆ. ಇವನು ಪಿಯುಸಿ ಹುಡುಗ, ಸೀರಿಯಲ್ ನೋಡಿಯಾಗಿದೆ, ಓದಲಿ. ಚಿಕ್ಕವಳ ಕೈಗೆ ಸಿಗದ ಹಾಗೆ ಇಡು.

ಪುಟ್ಟಾ, ತರಿಸುವಾಗ ಬಿಡಿ ಸಂಚಿಕೆ ಹುಡುಕಬೇಡ. ಆರು ಸಂಚಿಕೆ ಸೇರಿಸಿ ಒಂದೊಂದು ಪುಸ್ತಕ ಮಾಡಿದ್ದಾರೆ. ಮೊದಲ ಮೂರನ್ನು ತಂದ ವೈಲ್ಡ್‌ಸ್ಟಾರ್ಮ್ ವಿಭಾಗವನ್ನು ಡಿಸಿ ಕಂಪನಿ 2010ರಲ್ಲೇ ಮುಚ್ಚಿತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಪ್ರತಿ ಆದರೂ ಪರವಾಗಿಲ್ಲ. ‘ಒರಿಜಿನ್ಸ್’ ದುಡ್ಡು ನಾನು ಕೊಡುತ್ತೇನೆ.